ಚಿನ್ನದ ಕನ್ನಡಿಯ ದೂರದರ್ಶಕ

ಗೋಡೆಯನ್ನೂ ಮುಚ್ಚಿದ ಕಿಟಕಿಯನ್ನೂ ಲೆಕ್ಕಿಸದೆ ರೇಡಿಯೋ ಅಲೆಗಳು ನಮ್ಮ ಮನೆಯ ಪೆಟ್ಟಿಗೆಗೆ ಬಂದು ಸೇರುತ್ತವೆ. ಆಕಾಶದಿಂದ ಬರುವ ಕ್ಷ-ಕಿರಣಗಳ ಪಾಡು ಬೇರೆ. ಆಸ್ಪತ್ರೆಯಲ್ಲಿ ನಮ್ಮ ಮೂಳೆಯ ಚಿತ್ರ ತೋರಿಸುವ ಈ ಕಿರಣಗಳನ್ನು ಭೂಮಿಯ ವಾಯುಮಂಡಲ ಹೀರಿಬಿಡುತ್ತದೆ. ಅವುಗಳನ್ನು ಕಾಣಬೇಕಾದರೆ ಉಪಕರಣವನ್ನೇ ಗಾಳಿಯ ಆಚೆಗೆ ಕಳಿಸಬೇಕು. ಕಳಿಸಿದ ಮೇಲೆ ಅದು ಕೆಟ್ಟರೆ ಸರಿಪಡಿಸಲು ಸಾಮಾನ್ಯವಾಗಿ ಯಾರ ಕೈಯೂ ಎಟುಕದು.

ಇದರ ಅನುಭವ ಬೆಂಗಳೂರಿಗೆ ಮೊದಲೇ ಆಗಿದೆ. ರಾಜಾಜಿನಗರಕ್ಕೆ ಸಮೀಪದ ಪೀಣ್ಯದ ಶೆಡ್ಡುಗಳಲ್ಲಿ, ಪ್ರೊಫೆಸರ್ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ದೇಶದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿದ ಅದರಲ್ಲಿ ಕ್ಷ-ಕಿರಣಗಳ ಪ್ರಯೋಗವೂ ಇತ್ತು. ನಾಲ್ಕು ದಿನ ಕಳೆಯುವಷ್ಟರಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಪ್ರಯೋಗಗಳು ನಿಂತುಹೋದವು.

ನಲವತ್ತು ವರ್ಷಗಳ ತರುವಾಯ, 2015ರ ಸೆಪ್ಟೆಂಬರ್ 28ರಂದು, ಶ್ರೀಹರಿಕೋಟೆಯಿಂದ ಆಸ್ಟ್ರೋಸ್ಯಾಟ್ ಹಾರಿತು. ಬೆಂಗಳೂರಿನಲ್ಲಿ ಜೋಡಣೆಯಾದ ಈ ಉಪಗ್ರಹದ ಕ್ಷ-ಕಿರಣ ದೂರದರ್ಶಕವನ್ನು ಕಟ್ಟಿದ್ದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಅದರ ಕ್ಯಾಮರಾ ಬಂದದ್ದು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಿಂದ.

ಕ್ಷ-ಕಿರಣಕ್ಕೆ ಕನ್ನಡಿ ಹಿಡಿಯುವುದು ಹೇಗೆ? ಕೆರೆಯ ನೀರಿಗೆ ಕಲ್ಲನ್ನು ನೆಟ್ಟಗೆ ಎಸೆದರೆ ಮುಳುಗುತ್ತದೆ. ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ನೀರನ್ನು ಸವರಿ ಪುಟಿಯುತ್ತದೆ. ಕ್ಷ-ಕಿರಣವೂ ಹಾಗೆಯೇ. ಎದುರಾಗಿ ಬಿದ್ದರೆ ಕನ್ನಡಿಯೊಳಗೆ ಇಂಗಿಹೋಗುತ್ತದೆ. ಸವರಿಕೊಂಡು ಹೋದರೆ ಮಾತ್ರ ತಿರುಗುತ್ತದೆ. ಆದುದರಿಂದ ತೆಳುವಾದ ಅಲ್ಯೂಮಿನಿಯಮ್ ಹಾಳೆಗಳಿಗೆ ಚಿನ್ನದ ಲೇಪ ಕೊಟ್ಟು, ತಳವಿಲ್ಲದ ಲೋಟಗಳನ್ನು ಒಂದರೊಳಗೊಂದು ಇಟ್ಟಂತೆ 40 ಸುತ್ತುಗಳಾಗಿ ಜೋಡಿಸಿದರು. ಇವು ಕಿರಣಗಳನ್ನು 2 ಮೀಟರ್ ದೂರದ ಕ್ಯಾಮರಾದ ಮೇಲೆ ಒಟ್ಟುಗೂಡಿಸುತ್ತವೆ.

ಕಟ್ಟಿದ್ದು ಅರ್ಧ ಕೆಲಸವಷ್ಟೆ. ರಾಕೆಟ್ಟಿನ ಕುಲುಕಾಟವನ್ನು ತಡೆದೀತೆ ಎಂದು ಉಪಕರಣವನ್ನು ನೆಲದ ಮೇಲೆಯೇ ಅಲುಗಾಡಿಸಿ ನೋಡಬೇಕು. ಗಾಳಿ ತೆಗೆದ ಕೋಣೆಯಲ್ಲಿಟ್ಟು ಕಾವನ್ನೂ ಚಳಿಯನ್ನೂ ಉಣಿಸಬೇಕು. ಧೂಳಿಗಿಂತಲೂ ಕಳ್ಳ ಶತ್ರು ಆವಿ: ಅಂಟು, ಬಣ್ಣಗಳಿಂದ ಹೊರಟ ಆವಿ ಕನ್ನಡಿಯ ಮೇಲೆ ಪೊರೆಯಾಗಿ ಕುಳಿತರೆ ಮೃದುವಾದ ಕ್ಷ-ಕಿರಣಗಳನ್ನು ನುಂಗಿಬಿಡುತ್ತದೆ. ಕ್ಯಾಮರಾವನ್ನು ಶೂನ್ಯಕ್ಕಿಂತ ಸುಮಾರು 80 ಡಿಗ್ರಿ ಕೆಳಗೆ ತಂಪಾಗಿಡುವುದರಿಂದ ಅದಕ್ಕೂ ಈ ಭಯ ತಪ್ಪಿದ್ದಲ್ಲ. ಈ ಕಾರಣಕ್ಕೇ ಉಪಗ್ರಹ ಕಕ್ಷೆ ಸೇರಿದ ಮೇಲೂ ಕ್ಯಾಮರಾದ ಬಾಗಿಲನ್ನು ನಾಲ್ಕು ವಾರ ಮುಚ್ಚಿಯೇ ಇಟ್ಟಿದ್ದರು. ಅಕ್ಟೋಬರ್ 26ರಂದು ಅದು ತೆರೆಯಿತು. ದೂರದ ಒಂದು ಗ್ಯಾಲಕ್ಸಿಯ ನಡುವಿನಿಂದ ಹೊರಟ ಕ್ಷ-ಕಿರಣಗಳು ಒಳಗೆ ಬಂದವು.

ಪರೀಕ್ಷೆ ಅಲ್ಲಿಗೂ ಮುಗಿಯಲಿಲ್ಲ. ಕ್ಯಾಮರಾದ ನಾಲ್ಕು ಮೂಲೆಗಳಲ್ಲಿ ವಿಕಿರಣಶೀಲ ಕಬ್ಬಿಣದ ಕಣಗಳನ್ನಿಟ್ಟಿದ್ದಾರೆ. ಅವು ಸೂಸುವ ಕ್ಷ-ಕಿರಣದ ಶಕ್ತಿ ಎಷ್ಟೆಂಬುದು ಮೊದಲೇ ಗೊತ್ತು. ಹಾಡುಗಾರನ ಪಕ್ಕದ ಶ್ರುತಿಪೆಟ್ಟಿಗೆಯಂತೆ, ಉಪಕರಣದ ಸ್ವರ ಜಾರಿತೇ ಎಂಬುದನ್ನು ಅವು ತಿಳಿಸುತ್ತವೆ.

ಐದು ವರ್ಷ ಬಾಳಲೆಂದು ರೂಪಿಸಿದ ಆಸ್ಟ್ರೋಸ್ಯಾಟ್ 2025ರಲ್ಲಿ ಹತ್ತು ವರ್ಷ ತುಂಬಿತು. ಅದಕ್ಕೆ ಆಜ್ಞೆ ಹೋದದ್ದು ಅದೇ ಪೀಣ್ಯದ ನಿಯಂತ್ರಣ ಕೇಂದ್ರದಿಂದ. ಅದು ಕಳಿಸಿದ ಮಾಹಿತಿ ಕೂಡಿಟ್ಟದ್ದು ಕೆಂಗೇರಿಯ ಆಚೆಯ ಬ್ಯಾಲಾಳಿನಲ್ಲಿ. ನಾಲ್ಕು ದಿನಕ್ಕೆ ನಿಂತ ಕೆಲಸ ಊರಿನ ಅದೇ ದಿಕ್ಕಿನಿಂದ ಮತ್ತೆ ಮುಂದುವರಿಯಿತು.