ಮೆಷಿನ್ ಕಸೂತಿಗೆ ರಿಂಗು ಕಟ್ಟುವ ಕ್ರಮ

ಕೊಳೆರೋಗ, ಕಾಯಿಕೊರಕ, ಗೊಬ್ಬರದ ದರ ಇತ್ಯಾದಿಗಳಿಗೆ ಮೀಸಲಾದ ಈ ಪುಟಗಳಲ್ಲಿ ಕಸೂತಿಯ ಮಾತೇಕೆ ಎಂದು ಬೆಳೆಗಾರ ಬಾಂಧವರು ಹುಬ್ಬೇರಿಸಬಹುದು. ಆದರೆ ಮಳೆ ಹಿಡಿದು ಕೂತ ಆಷಾಢದಲ್ಲಿ ನಮ್ಮ ಎಷ್ಟೋ ಮನೆಗಳ ಜಗಲಿಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳಿಬರುತ್ತದೆ. ಅಡಿಕೆಯ ಹಣ ಕೈಗೆ ಬರುವ ತನಕ ಮನೆಯ ಸಣ್ಣಪುಟ್ಟ ಖರ್ಚು ಅದರಿಂದಲೇ ಸಾಗುವುದುಂಟು. ಹೀಗಿರುವಾಗ ನಮ್ಮ ಮನೆಯಲ್ಲಿ ಆದ ಒಂದು ನಷ್ಟವನ್ನು ಹೇಳಿಕೊಂಡರೆ ನಾಲ್ಕು ಜನರಿಗೆ ಉಪಯೋಗವಾದೀತು.

ನೆರೆಮನೆಯ ಹುಡುಗಿಯ ನಿಶ್ಚಿತಾರ್ಥಕ್ಕೆಂದು ರೇಷ್ಮೆಯ ರವಿಕೆ ಕಣ ನಮ್ಮಲ್ಲಿಗೆ ಬಂದಿತ್ತು. ತೋಳಿಗೆ ಮಾವಿನಕಾಯಿ, ಬೆನ್ನಿಗೆ ಬಳ್ಳಿ. ನಮ್ಮ ಮನೆಯವರು ನಾಲ್ಕು ಸಂಜೆ ಕೂತು ಮುಗಿಸಿದರು. ರಿಂಗಿನಲ್ಲಿರುವಷ್ಟು ಹೊತ್ತು ಚಿತ್ರ ಅಚ್ಚುಕಟ್ಟಾಗಿಯೇ ಇತ್ತು. ರಿಂಗು ಬಿಚ್ಚಿದೊಡನೆ ಮಾವಿನಕಾಯಿಯ ಸುತ್ತ ಬಟ್ಟೆ ಸುಕ್ಕುಗಟ್ಟಿತು. ಅದಲ್ಲದೆ ಬಳೆಯಾಕಾರದ ಗುರುತೊಂದು ರೇಷ್ಮೆಯ ಮೇಲೆ ಉಳಿಯಿತು; ಇಸ್ತ್ರಿಗೂ ಜಗ್ಗಲಿಲ್ಲ. ಸೀರೆಯ ಜೊತೆಗೇ ಬಂದ ಕಣವಾದ್ದರಿಂದ ಇನ್ನೊಂದು ತರುವ ದಾರಿಯೂ ಇರಲಿಲ್ಲ. ಆ ಮನೆಯವರು ಒಂದು ಮಾತೂ ಆಡಲಿಲ್ಲ, ಅದೇ ನಮಗೆ ಹೆಚ್ಚು ನೋವಾಯಿತು.

ನಾವು ಮೊದಲು ದೂರಿದ್ದು ಮೆಷಿನ್ನನ್ನು. ರಿಪೇರಿಯವರು ಬಂದರು, ಎಣ್ಣೆ ಬಿಟ್ಟರು, ಚಿಂದಿಯ ಮೇಲೆ ಹೊಲಿದು ನೋಡಿದರು. ಮೆಷಿನ್ನಿಗೆ ಏನೂ ಆಗಿಲ್ಲ, ರಿಂಗು ತನ್ನಿ ಎಂದರು. ದೋಷವೆಲ್ಲ ಅಲ್ಲಿತ್ತು.

ಕೈಕಸೂತಿಯಲ್ಲಿ ಒಳಬಳೆ ಬಟ್ಟೆಯ ಅಡಿಗೆ, ಹೊರಬಳೆ ಮೇಲಕ್ಕೆ. ಮೆಷಿನ್ನಿಗೆ ಇದು ತಿರುಗುಮುರುಗು. ತಿರುಪು ಇರುವ ಹೊರಬಳೆಯನ್ನು ಮೇಜಿನ ಮೇಲಿಟ್ಟು, ಬಟ್ಟೆಯ ಬಲಬದಿ ಮೇಲಾಗಿ ಹಾಸಿ, ಒಳಬಳೆಯನ್ನು ಮೇಲಿನಿಂದ ಒತ್ತಬೇಕು. ಆಗ ಬಟ್ಟೆ ತಳಕ್ಕೆ ಬಂದು ಮೆಷಿನ್ನಿನ ಹಾಸಿಗೆ ಅಂಟಿಕೊಂಡಿರುತ್ತದೆ. ಒಳಬಳೆಯನ್ನು ಕೂದಲೆಳೆಯಷ್ಟು ಹೆಚ್ಚಿಗೆ ಒತ್ತಿ, ಹೊರಬಳೆಯಿಂದ ತುಸು ಕೆಳಗಿಳಿಸಿದರೆ ಇನ್ನೂ ಒಳ್ಳೆಯದು. ಬಟ್ಟೆ ಹಾಸಿಗೆ ತಾಗದೆ ಮೇಲೆ ನಿಂತರೆ ಸೂಜಿಯ ಜೊತೆಗೇ ಏರಿಳಿಯುತ್ತದೆ, ಕೆಳಗಿನ ಕೊಕ್ಕೆಗೆ ದಾರದ ಕುಣಿಕೆ ಸಿಗದೆ ಹೊಲಿಗೆ ತಪ್ಪುತ್ತದೆ, ದಾರ ಕಡಿಯುತ್ತದೆ. ಸಡಿಲ ಬಟ್ಟೆಯ ಕಥೆಯೂ ಇದೇ.

ಹಾಗೆಂದು ಎಳೆದೆಳೆದು ಬಿಗಿ ಮಾಡುವುದು ಅದಕ್ಕಿಂತ ದೊಡ್ಡ ತಪ್ಪು. ನಮ್ಮ ಮನೆಯಲ್ಲಿ ಆದದ್ದು ಅದೇ. ತಿರುಪು ಪೂರ್ತಿ ಬಿಗಿದ ಮೇಲೆ ಮೂಲೆ ಮೂಲೆ ಹಿಡಿದು ಜಗ್ಗಿದ್ದರು. ಹಾಸು-ಹೊಕ್ಕು ಎಳೆಗಳ ನೇರಕ್ಕೆ ಬಟ್ಟೆ ಅಷ್ಟಾಗಿ ಹಿಗ್ಗದು; ಓರೆಗೆ ಜಗ್ಗಿದರೆ ರಬ್ಬರಿನಂತೆ ಹಿಗ್ಗುತ್ತದೆ. ಹಿಗ್ಗಿದ ಬಟ್ಟೆಯ ಮೇಲೆ ಒತ್ತಾಗಿ ಹೊಲಿಗೆ ಹಾಕಿದರೆ ಆ ಜಾಗ ಹಾಗೆಯೇ ನಿಂತುಬಿಡುತ್ತದೆ. ರಿಂಗು ಬಿಚ್ಚಿದಾಗ ಸುತ್ತಲಿನ ಬಟ್ಟೆ ತನ್ನ ಅಳತೆಗೆ ಮರಳುತ್ತದೆ, ಹೊಲಿದ ಭಾಗ ಮರಳಲಾರದು. ಸುಕ್ಕು ಹುಟ್ಟುವುದು ಈ ಜಗಳದಿಂದ. ಇಸ್ತ್ರಿ ಏನು ಮಾಡೀತು?

ಆದ್ದರಿಂದ ತಿರುಪನ್ನು ಮೊದಲೇ ಆ ಬಟ್ಟೆಯ ದಪ್ಪಕ್ಕೆ ಹೊಂದಿಸಿಟ್ಟುಕೊಂಡು, ಒಳಬಳೆ ತುಸು ಒತ್ತಿದರೆ ಕೂರುವಂತಿರಬೇಕು. ಅಂಚಿನ ನೇರಕ್ಕೆ ಒಮ್ಮೆ, ಅದಕ್ಕೆ ಅಡ್ಡಲಾಗಿ ಒಮ್ಮೆ, ಎದುರುಬದುರು ಹಿಡಿದು ಮೆಲ್ಲಗೆ ಸಮ ಮಾಡಿ, ಕೊನೆಯಲ್ಲಿ ತಿರುಪು ಬಿಗಿಯಿರಿ. ಆಮೇಲೆ ಜಗ್ಗಬೇಡಿ. ಸೀಮೆಸುಣ್ಣದಲ್ಲಿ ಹಾಸಿನ ನೇರಕ್ಕೊಂದು, ಹೊಕ್ಕಿನ ನೇರಕ್ಕೊಂದು ಗೆರೆ ಮೊದಲೇ ಎಳೆದಿದ್ದರೆ ಪರೀಕ್ಷೆ ಸುಲಭ. ಗೆರೆ ಬಿಲ್ಲಿನಂತೆ ಬಾಗಿತೋ, ಬಿಚ್ಚಿ ಮತ್ತೆ ಕಟ್ಟಿ. ಬೇಸರಪಡಬಾರದು. ನಮ್ಮ ರಿಪೇರಿಯವರು ಒಂದೇ ತುಂಡನ್ನು ಮೂರು ಸಲ ಕಟ್ಟಿದರು.

ಒಳಬಳೆಗೆ ಹತ್ತಿಯ ಪಟ್ಟಿಯನ್ನು ಓರೆಯಾಗಿ ಸುತ್ತಿ ತುದಿ ಹೊಲಿದರೆ ಹಿಡಿತವೂ ಬರುತ್ತದೆ, ಗುರುತೂ ಕಡಿಮೆ. ರೇಷ್ಮೆಯಾದರೆ ಅದರ ಮೇಲೆ ಹಳೆಯ ಮಲ್ಲು ಬಟ್ಟೆ ಹಾಸಿ ಎರಡನ್ನೂ ಸೇರಿಸಿ ರಿಂಗಿಗೆ ಏರಿಸಿ, ಚಿತ್ರದ ಜಾಗದಲ್ಲಿ ಮಾತ್ರ ಮಲ್ಲನ್ನು ಕತ್ತರಿಸಿ ತೆಗೆಯಬಹುದು. ಕೆಳಗಿನ ರೇಷ್ಮೆಗೆ ಕತ್ತರಿ ತಾಗದಂತೆ ಎಚ್ಚರ ಬೇಕು. ತೆಳು ಬಟ್ಟೆಯ ಅಡಿಗೆ ಇನ್ನೊಂದು ಹತ್ತಿ ಪದರ ಕೊಟ್ಟರೆ ಹೊಲಿಗೆ ಕೂರುತ್ತದೆ. ರಾತ್ರಿ ಕೆಲಸ ನಿಲ್ಲಿಸಿದಾಗ ರಿಂಗು ಬಿಚ್ಚಿಯೇ ಮಲಗಬೇಕು, ಮಳೆಗಾಲದಲ್ಲಂತೂ ಮರದ ಬಳೆ ತೇವ ಹೀರಿ ಉಬ್ಬುತ್ತದೆ. ತೋಳನ್ನು ಕತ್ತರಿಸಿದ ಮೇಲೆ ಕಸೂತಿಗೆ ಕೂರುವುದೂ ಸಲ್ಲದು. ಕಣದ ಮೇಲೆ ಗುರುತು ಹಾಕಿ, ಕಸೂತಿ ಮುಗಿಸಿ, ಅನಂತರ ಕತ್ತರಿ.

ಮೆಷಿನ್ನಿನ ಕಡೆ ಕೆಲಸ ಸ್ವಲ್ಪವೇ. ಪಾದ ತೆಗೆದು, ಬಟ್ಟೆ ತಳ್ಳುವ ಹಲ್ಲನ್ನು ಇಳಿಸಿ ಇಲ್ಲವೇ ಮುಚ್ಚಿ. ಪಾದ ಇಲ್ಲದಿದ್ದರೂ ಹಿಂಬದಿಯ ಸನ್ನೆಯನ್ನು ಕೆಳಗಿಳಿಸಲು ಮರೆಯಬಾರದು. ಅದು ಮೇಲಿದ್ದರೆ ದಾರ ಹಿಡಿಯುವ ಬಿಲ್ಲೆಗಳು ಸಡಿಲಾಗಿ ಅಡಿಯಲ್ಲಿ ದಾರದ ಗೂಡು ಕಟ್ಟುತ್ತದೆ. ಬೆರಳು ಬಳೆಯ ಅಂಚಿನ ಮೇಲೆಯೇ ಇರಲಿ. ಈಗಿನ ಕಂಪ್ಯೂಟರ್ ಮೆಷಿನ್ನುಗಳಿಗೆ ಅವುಗಳದೇ ಚೌಕಟ್ಟು ಬರುತ್ತದೆ, ಆದರೆ ಓರೆಗೆ ಜಗ್ಗಬಾರದೆಂಬ ನಿಯಮ ಅವಕ್ಕೂ ತಪ್ಪಿದ್ದಲ್ಲ.

ಇನ್ನೊಂದು ಮಾತು ನಮ್ಮ ಮನೆಗಳಿಗೇ ಸಂಬಂಧಿಸಿದ್ದು. ಅಡಿಕೆ ಸುಲಿದ ಕೈಯ ಚೊಗರು ಸೋಪಿಗೂ ಬೇಗ ಬಿಡದು, ರೇಷ್ಮೆಗೆ ತಾಗಿದರೆ ಕಲೆ ಶಾಶ್ವತ. ಸುಲಿಗೆಯ ದಿನಗಳಲ್ಲಿ ಬೇರೆಯವರ ರೇಷ್ಮೆ ಮುಟ್ಟುವುದಿಲ್ಲವೆಂದು ನಮ್ಮ ಮನೆಯವರು ಈಗ ಹೇಳಿಬಿಟ್ಟಿದ್ದಾರೆ. ಸದ್ಯಕ್ಕೆ ನಮ್ಮ ಹಳೆಯ ಪಂಚೆಯೊಂದು ರಿಂಗಿನಲ್ಲಿದೆ. ಅದರ ಮೇಲೆ ಈವರೆಗೆ ಹನ್ನೊಂದು ಮಾವಿನಕಾಯಿಗಳಾಗಿವೆ, ಕೊನೆಯ ನಾಲ್ಕರಲ್ಲಿ ಸುಕ್ಕಿಲ್ಲ. ಆ ಹುಡುಗಿಯ ಮದುವೆ ಮಾಘದಲ್ಲಿ. ರವಿಕೆ ಕಣವನ್ನು ಮತ್ತೆ ನಮ್ಮಲ್ಲಿಗೇ ಕಳುಹಿಸುತ್ತೇವೆಂದು ಅವಳ ತಾಯಿ ಮೊನ್ನೆ ಹೇಳಿಹೋದರು.