ವೇದಾವತಿ ದಾಟುವ ಗೆರೆ

ಬಾಬಾಬುಡನ್ ಬೆಟ್ಟಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹೊಸದುರ್ಗ ತಾಲ್ಲೂಕಿಗೆ ಬಂದು ಕೆಲ್ಲೋಡನ್ನು ಹಾಯ್ದ ನದಿ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರವಾಗಿ ನಿಲ್ಲುತ್ತದೆ. ಅಲ್ಲಿಂದ ಹಿರಿಯೂರು, ಚಳ್ಳಕೆರೆ ಸೀಮೆಗಳನ್ನು ದಾಟಿ ಆಂಧ್ರಪ್ರದೇಶ ಸೇರುತ್ತದೆ. ಅನಂತಪುರ ಜಿಲ್ಲೆಯಲ್ಲಿ ಭೈರವಾನಿತಿಪ್ಪ ಅಣೆಕಟ್ಟನ್ನು ಕಂಡು ಮತ್ತೆ ಕರ್ನಾಟಕಕ್ಕೆ ಮರಳುವ ವೇಳೆಗೆ ಅದರ ಹೆಸರು ಹಗರಿ. ಕೊನೆಗೆ ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಹೀಗೆ ಒಂದೇ ನದಿ ರಾಜ್ಯದ ಗಡಿಯನ್ನು ದಾಟಿಹೋಗಿ ತಿರುಗಿ ಬರುತ್ತದೆ. ಚಿತ್ರದುರ್ಗ ಜಿಲ್ಲೆಯ ಪೂರ್ವದ ಅಂಚನ್ನು ಎಳೆದದ್ದು ನದಿಯಲ್ಲ, ಕಂದಾಯದ ಹಳ್ಳಿಗಳ ಎಲ್ಲೆಗಳು. ನೀರು ಅದನ್ನು ಅಡ್ಡಹಾಯ್ದು ಹೋಗುತ್ತದೆ, ಅಷ್ಟೆ.

ಈ ಎಲ್ಲೆ ರಾಜ್ಯದ ಗಡಿಯಾದ ಕಥೆ 1799ರಿಂದ ಶುರುವಾಗುತ್ತದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯ ಹಂಚಿಹೋಯಿತು. ಒಂದು ಪಾಲು ಮೈಸೂರಿನ ಒಡೆಯರಿಗೆ ಉಳಿಯಿತು. ನಿಜಾಮನಿಗೆ ಸಿಕ್ಕ ಪಾಲು ಮರುವರ್ಷವೇ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ತೆಲುಗರು ಬಹುಕಾಲ ದತ್ತಮಂಡಲ ಎಂದು ಕರೆದ ಬಳ್ಳಾರಿ, ಅನಂತಪುರ, ಕಡಪ ಸೀಮೆ ಇದೇ. ಮೊಳಕಾಲ್ಮೂರು ಮೈಸೂರಿನದಾಯಿತು, ಕೂಗಳತೆಯ ರಾಯದುರ್ಗ ಮದ್ರಾಸಿನದಾಯಿತು. ಮಾತು, ಸಂತೆ, ನೆಂಟಸ್ತಿಕೆ ಎರಡೂ ಕಡೆ ಬೆರೆತೇ ಇದ್ದವು. ಬೇರೆಯಾದದ್ದು ಕಂದಾಯ ಕಟ್ಟುವ ಕಚೇರಿ.

ಹೊಸ ಮೈಸೂರನ್ನು ಅಳೆಯುವ ಹೊಣೆ ಕಾಲಿನ್ ಮೆಕೆಂಜಿಗೆ ಬಂತು. ಮುಂದೆ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು ಈತನೇ. ರಾಜ್ಯದ ಸರಹದ್ದು ಎಲ್ಲಿದೆ ಎಂದು ಗೊತ್ತುಮಾಡುವುದು ಆ ಸರ್ವೆಯ ಮೊದಲ ಕೆಲಸಗಳಲ್ಲಿ ಒಂದಾಗಿತ್ತು. ಬಯಲಿನಲ್ಲಿ ಅಂಥ ಗೆರೆ ಬರಿಗಣ್ಣಿಗೆ ಕಾಣುವುದಿಲ್ಲ. ಊರಿನ ಎಲ್ಲೆಯನ್ನು ಬಲ್ಲ ಶಾನುಭೋಗರು, ಗೌಡರು ತೋರಿಸಿದ ಮರ, ಗುಂಡು, ಹಳ್ಳ, ಕಲ್ಲುಗಳೇ ಆಧಾರ. ಈ ಪದ್ಧತಿ ಕನ್ನಡ ನಾಡಿಗೆ ಹೊಸದೂ ಅಲ್ಲ. ದಾನ ಕೊಟ್ಟ ಭೂಮಿಯ ಚತುಸ್ಸೀಮೆಯನ್ನು ಶಾಸನಗಳು ಹೀಗೇ ಹೇಳುತ್ತವೆ. ಲಿಂಗಮುದ್ರೆ, ವಾಮನಮುದ್ರೆಯ ಕಲ್ಲುಗಳು ಹೊಲದಂಚಿನಲ್ಲಿ ಇಂದಿಗೂ ಸಿಗುತ್ತವೆ.

ಗಡಿಯ ಎರಡೂ ಕಡೆಯ ಹೊಲಗಳನ್ನು ಅಳೆದ ಸರಪಳಿಗಳು ಮಾತ್ರ ಬೇರೆಯಾದವು. ಮೈಸೂರಿನಲ್ಲಿ 1863ರಲ್ಲಿ ಆರಂಭವಾದ ಕಂದಾಯ ಸರ್ವೆ ಬೊಂಬಾಯಿಯ ಮಾದರಿಯನ್ನು ಹಿಡಿಯಿತು: 33 ಅಡಿಯ ಚೈನು, ಒಂದು ಚದರ ಚೈನಿಗೆ ಒಂದು ಗುಂಟೆ, 40 ಗುಂಟೆಗೆ ಎಕರೆ. ಮದ್ರಾಸಿನವರು 66 ಅಡಿಯ ಚೈನು ಹಿಡಿದು ಎಕರೆಯನ್ನು 100 ಸೆಂಟು ಮಾಡಿದರು. ಆದ್ದರಿಂದಲೇ ಚಳ್ಳಕೆರೆಯ ರೈತ ಗುಂಟೆಯಲ್ಲಿ ಹೇಳುವ ಜಮೀನನ್ನು ಗಡಿಯಾಚೆಯ ರೈತ ಸೆಂಟಿನಲ್ಲಿ ಹೇಳುತ್ತಾನೆ. ಇನ್ನೂರು ವರ್ಷಗಳ ಹಿಂದಿನ ಹಂಚಿಕೆ ದಿನನಿತ್ಯದ ಮಾತಿಗಿಳಿದು ಉಳಿದಿರುವುದು ಹೀಗೆ. ಊರಿನ ನಕ್ಷೆ, ಟಿಪ್ಪಣಿ, ಬಾಂದುಕಲ್ಲು ಈ ಮೂರೂ ಒಂದಕ್ಕೊಂದು ತಾಳೆಯಾದರೆ ಮಾತ್ರ ಇಂಥ ಗೆರೆ ಗಟ್ಟಿ.

ನದಿಯನ್ನೇ ಗಡಿ ಮಾಡುವುದು ಇದಕ್ಕಿಂತ ಸುಲಭ ಎನ್ನಿಸುತ್ತದೆ. 1800ರ ಒಪ್ಪಂದದಲ್ಲಿ ನಡೆದದ್ದೂ ಅದೇ. ತುಂಗಭದ್ರೆಯ ಉತ್ತರದ ಕೊಪ್ಪಳ, ಗಜೇಂದ್ರಗಡ ನಿಜಾಮನಿಗೆ ಉಳಿದವು. ದಕ್ಷಿಣದ ಆದವಾನಿ ಕಂಪನಿಗೆ ಬಂತು. ಗಡಿ ಸ್ಪಷ್ಟವಾಗಲೆಂದೇ ಮಾಡಿದ ಅದಲುಬದಲು ಅದು. ಇಂದಿಗೂ ರಾಯಚೂರು ಜಿಲ್ಲೆಯ ದಡದಲ್ಲಿ ನಿಂತರೆ ಆಚೆ ದಡದ ಮಂತ್ರಾಲಯ ಆಂಧ್ರದಲ್ಲಿದೆ.

ಆದರೆ ನದಿ ಕಲ್ಲಿನಂತೆ ನಿಂತಲ್ಲಿ ನಿಲ್ಲುವುದಿಲ್ಲ. ಒಂದು ದಡವನ್ನು ಕೊರೆದು ಇನ್ನೊಂದು ದಡಕ್ಕೆ ಮಣ್ಣು ತುಂಬುತ್ತದೆ. ದಡ ವರ್ಷವರ್ಷವೂ ಮೆಲ್ಲಗೆ ಸರಿದರೆ ಗಡಿಯೂ ಅದರೊಂದಿಗೆ ಸರಿಯುತ್ತದೆ. ಒಂದೇ ಪ್ರವಾಹದಲ್ಲಿ ನದಿ ಹೊಸ ಪಾತ್ರ ತೋಡಿಕೊಂಡರೆ ಗಡಿ ಹಳೆಯ ಪಾತ್ರದಲ್ಲೇ ಉಳಿಯುತ್ತದೆ. ಹಲವು ದೇಶಗಳ ನ್ಯಾಯಾಲಯಗಳು ಒಪ್ಪಿರುವ ನಿಯಮ ಇದು. ಅಮೆರಿಕದ ಮಿಸೌರಿ ನದಿ 1877ರಲ್ಲಿ ಹೀಗೆ ದಿಕ್ಕು ಬದಲಿಸಿದ್ದರಿಂದ ಅಯೋವಾ ರಾಜ್ಯದ ಒಂದು ತುಂಡು ನೆಬ್ರಾಸ್ಕಾದ ಕಡೆಯ ದಡಕ್ಕೆ ಬಿತ್ತು. ಅದು ಅಯೋವಾದ್ದೇ ಎಂದು ಅಲ್ಲಿನ ಸುಪ್ರೀಂ ಕೋರ್ಟು 1892ರಲ್ಲಿ ಹೇಳಿತು.

ಅದೇ 1892ರ ಫೆಬ್ರುವರಿಯಲ್ಲಿ ಮೈಸೂರು ಮತ್ತು ಮದ್ರಾಸು ಸರ್ಕಾರಗಳು ನದಿನೀರಿನ ಬಗ್ಗೆ ಒಪ್ಪಂದ ಮಾಡಿಕೊಂಡವು. ಕಾವೇರಿಯ ಕಾರಣಕ್ಕೆ ಹೆಸರಾದ ಆ ಒಪ್ಪಂದದ ಪಟ್ಟಿಯಲ್ಲಿ ವೇದಾವತಿಯೂ ಇದೆ. ಗೆರೆ ನೆಲವನ್ನು ಹಂಚಿತ್ತು, ನೀರನ್ನು ಹಂಚಿರಲಿಲ್ಲ. ಮೇಲಿನವರು ಕಟ್ಟೆ ಕಟ್ಟಿದರೆ ಕೆಳಗಿನವರಿಗೆ ಆತಂಕ. 1898ರಿಂದ 1907ರವರೆಗೆ ಮಾರಿಕಣಿವೆಯ ಅಣೆಕಟ್ಟು ಎದ್ದದ್ದು ಈ ಒಪ್ಪಂದ ಆದ ಮೇಲೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯನ್ನು ತಾಲ್ಲೂಕುಗಳ ಲೆಕ್ಕದಲ್ಲಿ ಒಡೆದರು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಹೊಸಪೇಟೆ, ಸಿರುಗುಪ್ಪ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕು ಮೈಸೂರಿಗೆ ಸೇರಿದ್ದು ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವರದಿಯ ಆಧಾರದ ಮೇಲೆ. ಎರಡೇ ವರ್ಷದಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ತುಂಗಭದ್ರಾ ಯೋಜನೆಯ ನೆಲೆಯಲ್ಲಿ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಲು ಹೇಳಿತು. ಜನರ ಮಾತಿಗಿಂತ ಕಾಲುವೆಯ ನೀರು ಮೇಲಾಗಿದ್ದ ಆ ಶಿಫಾರಸು ಕೊನೆಗೆ ಜಾರಿಯಾಗಲಿಲ್ಲ. ಆಗದಿದ್ದುದು ನ್ಯಾಯವೇ.

ತಾಲ್ಲೂಕಿನ ಹಳೆಯ ಅಂಚು ರಾಜ್ಯದ ಗಡಿಯಾದರೂ ಕಾಡಿನಲ್ಲಿ ಆ ಅಂಚಿಗೆ ಹೊಲವಿಲ್ಲ, ಕಾಯುವ ರೈತನಿಲ್ಲ. ಬಳ್ಳಾರಿ ಮತ್ತು ಅನಂತಪುರ ಜಿಲ್ಲೆಗಳ ನಡುವಿನ ಅರಣ್ಯದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಜೋರಾದಾಗ ಈ ದೌರ್ಬಲ್ಯ ಬಯಲಾಯಿತು. ಗಡಿಗೆ ಗುರುತಾಗಿದ್ದ ಸುಗ್ಗಲಮ್ಮನ ಗುಡಿ 2006ರಲ್ಲಿ ನೆಲಸಮವಾಯಿತು. ಗಡಿಗುರುತುಗಳು ಅಳಿಸಿದ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಸರ್ವೆ ಆಫ್ ಇಂಡಿಯಾ ಹಳೆಯ ನಕ್ಷೆಗಳನ್ನು ಹಿಡಿದು ಮತ್ತೆ ಅಳೆಯಬೇಕಾಯಿತು.

ವೇದಾವತಿ ಹಾಯುವ ಹೊಸದುರ್ಗವಲ್ಲದೆ ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು ಹೊಸದುರ್ಗವಿದೆ; ಅಲ್ಲಿ ನದಿಯನ್ನೇ ಗಡಿ ಮಾಡುವ ಮಾತು ಬಂದಿತ್ತು. ಕಾಞಂಗಾಡಿನ ಬಳಿಯ ಆ ಕೋಟೆ ಕೆಳದಿ ನಾಯಕರದು. 1956ರಲ್ಲಿ ದಕ್ಷಿಣ ಕನ್ನಡದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು; ಅದರ ದಕ್ಷಿಣ ಭಾಗವೇ ಬೇರೆಯಾಗಿ ಹೊಸದುರ್ಗ ತಾಲ್ಲೂಕಾಯಿತು. ರಾಜ್ಯಗಳ ಗಡಿವಿವಾದವನ್ನು ಪರಿಶೀಲಿಸಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಇಲ್ಲಿ ನದಿಯನ್ನು ಗಡಿಯಾಗಿ ಆರಿಸಿತು: ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನೆಲ ಮೈಸೂರಿಗೆ, ಹೊಸದುರ್ಗವೂ ಸೇರಿ ದಕ್ಷಿಣದ್ದು ಕೇರಳಕ್ಕೆ. ಕನ್ನಡ ಮತ್ತು ತುಳು ಮಾತಾಡುವವರು ಹೆಚ್ಚಾಗಿ ಹೊಳೆಯ ಉತ್ತರಕ್ಕೇ ಇದ್ದುದರಿಂದ ಅದು ನೆಲವನ್ನು ನೋಡಿ ಎಳೆದ ಗೆರೆಯೇ ಆಗಿತ್ತು. ಶಿಫಾರಸು ಜಾರಿಗೆ ಬರಲಿಲ್ಲ. ರಾಜ್ಯಗಳ ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯಂತೆ ಸಂಸತ್ತಿನದು, ಸಂಸತ್ತು ಅದನ್ನು ಕೈಗೆತ್ತಿಕೊಳ್ಳಲಿಲ್ಲ. 1984ರ ಮೇ 24ರಂದು ಕಾಸರಗೋಡು ಕೇರಳದ ಜಿಲ್ಲೆಯಾಯಿತು. ಗಡಿಯಾಗಬೇಕಿದ್ದ ಚಂದ್ರಗಿರಿ ಈಗ ಆ ಜಿಲ್ಲೆಯ ನಡುವೆ ಹರಿದು ಕಡಲು ಸೇರುತ್ತದೆ.