ಹತ್ತೊಂಬತ್ತು ಕಲೆ, ಮೇಲೆ ನೂರ ಹನ್ನೆರಡು

ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಮಿದುಳಿನ ಕಾಯಿಲೆ ಪತ್ತೆ ಮಾಡುವ ಕಾಲವೊಂದಿತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ಅನುಮಾನವಿದ್ದವರ ಮೈ ಕಾದಂತೆ ಕಣ್ಣು ಮಂಜಾಯಿತೇ, ಕಾಲು ಸೋತಿತೇ ಎಂದು ವೈದ್ಯರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಮೈ ದಣಿದಾಗ ಇಂಥವರ ದೃಷ್ಟಿ ಮಂಕಾಗುತ್ತದೆಂದು ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಉಟ್‌ಹಾಫ್ 1890ರಲ್ಲೇ ಬರೆದಿದ್ದರು. ಹಾಗೇಕೆ ಆಗುತ್ತದೆಂಬುದು ಮಾತ್ರ ಬಹುಕಾಲ ಯಾರಿಗೂ ಸ್ಪಷ್ಟವಿರಲಿಲ್ಲ.

ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಝಾನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಈ ರೋಗವನ್ನು ಬೇರೆಯದೇ ಒಂದು ಕಾಯಿಲೆಯೆಂದು ವಿವರಿಸಿದಾಗ ಅವರ ಮುಂದಿದ್ದ ಗಟ್ಟಿ ಸಾಕ್ಷ್ಯ ಶವಪರೀಕ್ಷೆಯದು: ಮಿದುಳಿನಲ್ಲೂ ಬೆನ್ನುಹುರಿಯಲ್ಲೂ ಅಲ್ಲಲ್ಲಿ ಗಟ್ಟಿಯಾದ ಕಲೆಗಳು. ಬದುಕಿರುವವರಲ್ಲಿ ಅವನ್ನು ನೋಡುವ ದಾರಿಯಿರಲಿಲ್ಲ. ಹಾಗಾಗಿ ವೈದ್ಯರಿಗೆ ಕಾಯುವುದೇ ಗತಿ. ಇಂದು ಒಂದು ಕಣ್ಣು ಮಂಜಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ವರ್ಷಗಳಾದ ಮೇಲೆ ಕಾಲು ಜೋಮು ಹಿಡಿಯುತ್ತದೆ. ನರಮಂಡಲದ ಎರಡು ಬೇರೆ ಜಾಗಗಳಲ್ಲಿ, ಎರಡು ಬೇರೆ ಕಾಲಗಳಲ್ಲಿ ಪೆಟ್ಟು ಬಿದ್ದಿದೆ ಎಂದು ಖಚಿತವಾದಾಗಲೇ ರೋಗಕ್ಕೆ ಹೆಸರು.

ಈ ಕಾಯುವಿಕೆಯನ್ನು ಮೊಟಕು ಮಾಡಿದ ಕೀರ್ತಿಯನ್ನು ಸಾಮಾನ್ಯವಾಗಿ ಎಂಆರ್‌ಐ ಯಂತ್ರಕ್ಕೆ ಕೊಟ್ಟು ಕತೆ ಮುಗಿಸುತ್ತಾರೆ. ನನಗೆ ಅದು ಅರ್ಧ ಕತೆ ಅನಿಸುತ್ತದೆ. ಯಂತ್ರ ಬರುವ ಇಪ್ಪತ್ತು ವರ್ಷ ಮೊದಲೇ ಒಬ್ಬರು ಬೆಕ್ಕಿನ ನರತಂತುಗಳ ಮುಂದೆ ಕೂತು, ಮುಂದೆ ಆ ಯಂತ್ರಕ್ಕೆ ಕೇಳಬೇಕಾದ ಪ್ರಶ್ನೆಗಳನ್ನು ಸಿದ್ಧಪಡಿಸುತ್ತಿದ್ದರು.

ಇಯಾನ್ ಮೆಕ್‌ಡೊನಾಲ್ಡ್ ಹುಟ್ಟಿದ್ದು 1933ರಲ್ಲಿ, ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ. ಓದಿದ್ದು ಡನೆಡಿನ್ ಊರಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ. ನರತಂತುವಿನ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಅದು ಉದ್ದಕ್ಕೂ ಒಂದೇ ಸಮನೆ ಇರದೆ ನಡುನಡುವೆ ಸಣ್ಣ ಸಂದುಗಳನ್ನು ಬಿಟ್ಟಿರುವುದರಿಂದ, ವಿದ್ಯುತ್ ಸಂಜ್ಞೆ ಸಂದಿನಿಂದ ಸಂದಿಗೆ ಹಾರುತ್ತ ವೇಗವಾಗಿ ಸಾಗುತ್ತದೆ. ಎಂಎಸ್‌ನಲ್ಲಿ ದೇಹದ ರಕ್ಷಣಾಪಡೆಯೇ ಈ ಹೊದಿಕೆಯ ಮೇಲೆರಗುತ್ತದೆ. ಮೆಕ್‌ಡೊನಾಲ್ಡ್ ಡಿಫ್ತೀರಿಯಾ ವಿಷ ಬಳಸಿ ಬೆಕ್ಕಿನ ನರಗಳ ಮಯಲಿನ್ ಅನ್ನು ಕಳಚಿದರು. ಒಳಗಿನ ತಂತುವಿಗೆ ಏನೂ ಆಗದಂತೆ ಹೊದಿಕೆಯನ್ನಷ್ಟೇ ತೆಗೆದರೆ ಏನಾಗುತ್ತದೆಂಬುದು ಅವರ ಪ್ರಶ್ನೆ. 1963ರಲ್ಲಿ ಲಂಡನ್ನಿಗೆ ಬಂದು, ಕ್ವೀನ್ ಸ್ಕ್ವೇರಿನ ನರರೋಗ ಆಸ್ಪತ್ರೆಯಲ್ಲಿ ಟಾಮ್ ಸಿಯರ್ಸ್ ಜೊತೆ ಇದೇ ಪ್ರಯೋಗವನ್ನು ಬೆನ್ನುಹುರಿಗೂ ಒಯ್ದರು.

ಹೊದಿಕೆ ಕಳೆದುಕೊಂಡ ತಂತು ಸತ್ತಿರಲಿಲ್ಲ. ಕೆಲವು ಕಡೆ ಸಂಜ್ಞೆ ಪೂರ್ತಿ ನಿಂತಿತ್ತು. ಕೆಲವು ಕಡೆ ತೀರಾ ನಿಧಾನವಾಗಿ ಹಾಯುತ್ತಿತ್ತು. ಒಂದರ ಹಿಂದೊಂದು ಬೇಗಬೇಗ ಸಂಜ್ಞೆ ಕಳಿಸಿದರೆ ನಡುವೆ ಕೆಲವು ತಪ್ಪಿಹೋಗುತ್ತಿದ್ದವು. ಇಂಥ ತಂತು ಕೆಲಸ ಮಾಡುವುದು ಅಂಚಿನಲ್ಲಿ. ಬಿಸಿ ತುಸು ಏರಿದರೆ ಸಂಜ್ಞೆ ಇನ್ನಷ್ಟು ಚುಟುಕಾಗಿ, ಮುಂದಿನ ಸಂದನ್ನು ಎಬ್ಬಿಸುವಷ್ಟು ಬಲ ಉಳಿಯುವುದಿಲ್ಲ. ಬಿಸಿನೀರಿನ ತೊಟ್ಟಿಯ ಗುಟ್ಟು ಇಷ್ಟೇ. 1979ರಲ್ಲಿ ಮೆಕ್‌ಡೊನಾಲ್ಡ್ ಅವರು ಕೆನೆತ್ ಸ್ಮಿತ್ ಮತ್ತು ಬಿಲ್ ಬ್ಲೇಕ್‌ಮೋರ್ ಜೊತೆಗೂಡಿ, ಮಯಲಿನ್ ಮತ್ತೆ ಬೆಳೆದರೆ ಸಂಜ್ಞೆಯೂ ಭದ್ರವಾಗಿ ಮರಳುತ್ತದೆಂದು ತೋರಿಸಿದರು.

ನಿಧಾನವಾದರೂ ಹಾಯುತ್ತದೆ ಎಂದಾದರೆ ಆ ತಡವನ್ನು ಮನುಷ್ಯರಲ್ಲಿ ಅಳೆಯಬಹುದಲ್ಲ? ಕ್ವೀನ್ ಸ್ಕ್ವೇರಿನಲ್ಲೇ ಇದ್ದ ಮಾರ್ಟಿನ್ ಹ್ಯಾಲಿಡೇ ಅವರ ಪ್ರಯೋಗಾಲಯದಲ್ಲಿ ರೋಗಿಗಳನ್ನು ಕಪ್ಪು ಬಿಳುಪು ಚೌಕಳಿಗಳ ಪರದೆಯ ಮುಂದೆ ಕೂರಿಸಿದರು. ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಅದಲುಬದಲಾಗುವಾಗ ತಲೆಯ ಹಿಂಭಾಗದಲ್ಲಿ ಅಂಟಿಸಿದ ವಿದ್ಯುದ್ವಾರಗಳು ಮಿದುಳಿನ ಉತ್ತರವನ್ನು ಹಿಡಿಯುತ್ತವೆ. ಆರೋಗ್ಯವಂತರಲ್ಲಿ ಅದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಬರುತ್ತದೆ. ದೃಷ್ಟಿನರದ ಉರಿಯೂತ ಆಗಿದ್ದವರಲ್ಲಿ ತಡವಾಯಿತು. ಮುಖ್ಯ ವಿಷಯವೆಂದರೆ, ದೃಷ್ಟಿ ಪೂರ್ತಿ ಮರಳಿದ ಮೇಲೂ ಆ ತಡ ಉಳಿದಿತ್ತು. 1972ರಲ್ಲಿ 'ಲ್ಯಾನ್ಸೆಟ್' ಇದನ್ನು ಪ್ರಕಟಿಸಿತು. ಕಣ್ಣಿನ ತೊಂದರೆಯೇ ಇಲ್ಲವೆಂದು ಹೇಳುತ್ತಿದ್ದ ಎಂಎಸ್ ರೋಗಿಗಳಲ್ಲೂ ಅದೇ ತಡ ಕಂಡಿತು. ರೋಗಿಗೆ ಗೊತ್ತಾಗದಂತೆ ರೋಗ ಒಳಗೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅಳೆಯಬಹುದಾದ ಪುರಾವೆ ಸಿಕ್ಕಿತು.

ಒಂದು ಜಾಗದ ಮಾತಾಯಿತು. ಉಳಿದ ಮಿದುಳು?

ಉತ್ತರ ಬಂದದ್ದು ಲಂಡನ್ನಿನದೇ ಇನ್ನೊಂದು ಆಸ್ಪತ್ರೆಯಿಂದ. ಹ್ಯಾಮರ್‌ಸ್ಮಿತ್‌ನಲ್ಲಿ ಇಎಂಐ ಕಂಪನಿ ಕಟ್ಟಿದ ಆರಂಭದ ಎಂಆರ್‌ಐ ಯಂತ್ರವೊಂದಿತ್ತು. ಅಲ್ಲಿ ಎಂಜಿನಿಯರ್ ಇಯಾನ್ ಯಂಗ್, ವಿಕಿರಣತಜ್ಞ ಗ್ರೇಮ್ ಬಿಡ್ಡರ್ ಮತ್ತು ಸಂಗಡಿಗರು ಹತ್ತು ಮಂದಿ ಎಂಎಸ್ ರೋಗಿಗಳ ಮಿದುಳನ್ನು ನೋಡಿದರು. (ಬಿಡ್ಡರ್ ಕೂಡ ಒಟಾಗೊದಲ್ಲಿ ಓದಿದ ನ್ಯೂಜಿಲೆಂಡಿಗರೇ. ಆ ಪುಟ್ಟ ದೇಶಕ್ಕೂ ಈ ಕಾಯಿಲೆಗೂ ಏನು ನಂಟೋ!) ಅದೇ ರೋಗಿಗಳ ಸಿ.ಟಿ. ಸ್ಕ್ಯಾನ್‌ನಲ್ಲಿ ಕಂಡಿದ್ದ ಕಲೆಗಳು 19. ಹೊಸ ಯಂತ್ರ ಅವಷ್ಟನ್ನೂ ತೋರಿಸಿ, ಮೇಲೆ ಇನ್ನೂ 112 ತೋರಿಸಿತು. 1981ರ ನವೆಂಬರಿನಲ್ಲಿ ಪ್ರಕಟವಾದ ಈ ಲೆಕ್ಕ ನರರೋಗ ತಜ್ಞರನ್ನು ಎಬ್ಬಿಸಿ ಕೂರಿಸಿತು.

ಬ್ರಿಟನ್ನಿನ ಎಂಎಸ್ ಸೊಸೈಟಿ ಸಂಶೋಧನೆಗೆಂದೇ ಕ್ವೀನ್ ಸ್ಕ್ವೇರಿಗೆ ಒಂದು ಯಂತ್ರ ಕೊಡಿಸಿತು. ಅದು 1984ರ ಹೊತ್ತಿಗೆ ಕೆಲಸ ಶುರುಮಾಡಿದಾಗ ಮೆಕ್‌ಡೊನಾಲ್ಡ್ ಅದರ ಮುಂದಾಳು. ಬೇರೆ ಯಾರಾದರೂ ಆಗಿದ್ದರೆ ಕಲೆ ಎಣಿಸುತ್ತ ಕೂರುತ್ತಿದ್ದರೇನೋ. ಇವರ ಪ್ರಶ್ನೆ ಬೇರೆ: ಈ ಕಲೆ ಎಂದರೆ ಏನು? ಎಂಆರ್‌ಐ ಕಾಣುವುದು ಮುಖ್ಯವಾಗಿ ನೀರಿನಲ್ಲಿರುವ ಹೈಡ್ರೋಜನ್ ಅನ್ನು, ಮಯಲಿನ್ ಅನ್ನಲ್ಲ. ಊತ, ಗಾಯ, ಹಳೆಯ ಕಲೆ ಎಲ್ಲವೂ ಚಿತ್ರದಲ್ಲಿ ಒಂದೇ ಬಿಳುಪು.

ಇವನ್ನು ಬೇರ್ಪಡಿಸಲು ನೆರವಾದದ್ದು ಗ್ಯಾಡೊಲಿನಿಯಮ್ ಎಂಬ ಲೋಹದ ಸಂಯುಕ್ತ. ರಕ್ತನಾಳಕ್ಕೆ ಚುಚ್ಚಿದರೆ ಅದು ಸಾಮಾನ್ಯವಾಗಿ ಮಿದುಳಿನೊಳಗೆ ಇಳಿಯುವುದಿಲ್ಲ. ನಾಳದ ಗೋಡೆ ಸೋರುವಲ್ಲಿ ಮಾತ್ರ ಇಳಿದು ಹೊಳೆಯುತ್ತದೆ. ಡೇವಿಡ್ ಮಿಲ್ಲರ್ (ಇವರೂ ನ್ಯೂಜಿಲೆಂಡಿನವರು!) ಮತ್ತು ತಂಡ ಅದೇ ರೋಗಿಗಳನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಹೊಸ ಕಲೆ ಹುಟ್ಟುವಾಗ ಆರಂಭದಲ್ಲೇ ಈ ಸೋರಿಕೆ ಇರುತ್ತದೆ, ಕೆಲವು ವಾರಗಳಲ್ಲಿ ನಿಲ್ಲುತ್ತದೆ ಎಂದು 1988ರಲ್ಲಿ ತೋರಿಸಿದರು. ಹೊಳೆಯುವುದು ಹೊಸದು, ಹೊಳೆಯದ್ದು ಹಳೆಯದು. ಒಂದೇ ಚಿತ್ರದಲ್ಲಿ ಎರಡು ಕಾಲ.

ಅದೇ ವರ್ಷಗಳಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಡೊನಾಲ್ಡ್ ಪೇಟಿ, ಡೇವಿಡ್ ಲೀ ಅವರ ಬಳಗವೂ ಸರಣಿ ಸ್ಕ್ಯಾನ್ ಮಾಡುತ್ತಿತ್ತು. ರೋಗಿಗೆ ಏನೂ ಅನಿಸದ ತಿಂಗಳುಗಳಲ್ಲೂ ಕಲೆಗಳು ಹುಟ್ಟಿ ಅಡಗುತ್ತಿದ್ದವು. 'ರೋಗ ಮರುಕಳಿಸಿತು' ಎನ್ನುವ ದಿನಗಳಿಗಿಂತ ಹೊಸ ಕಲೆಗಳ ಸಂಖ್ಯೆ ಎಷ್ಟೋ ಪಾಲು ಹೆಚ್ಚು. 1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾ ಔಷಧಕ್ಕೆ ಒಪ್ಪಿಗೆ ಸಿಕ್ಕಿದಾಗ, ಕಲೆಗಳ ಬೆಳವಣಿಗೆಯನ್ನು ಅದು ತಡೆದದ್ದನ್ನು ತೋರಿಸಿದ ಪೇಟಿ ಮತ್ತು ಲೀ ಅವರ ಚಿತ್ರಗಳ ಪಾತ್ರ ದೊಡ್ಡದು.

ಅದಕ್ಕೆ ಮುಂಚಿನ ಪರಿಸ್ಥಿತಿ ನೆನೆದರೆ ಕಸಿವಿಸಿಯಾಗುತ್ತದೆ. ಮೊದಲ ಸಲ ಕಣ್ಣು ಮಂಜಾಗಿ ಬಂದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಮಿದುಳಿನಲ್ಲಿ ಆಗಲೇ ಕಲೆಗಳಿದ್ದವು. ಕೊಡಲು ಔಷಧವಿಲ್ಲ, ಮುಂದೇನಾಗುತ್ತದೆಂದು ಗೊತ್ತಿಲ್ಲ. ಹೇಳುವುದೋ ಬಿಡುವುದೋ? ಕ್ವೀನ್ ಸ್ಕ್ವೇರಿನವರು ಹೀಗೆ ಮೊದಲ ಪೆಟ್ಟು ಬಿದ್ದವರನ್ನು ಇಪ್ಪತ್ತು ವರ್ಷ ಹಿಂಬಾಲಿಸಿದರು. 2008ರಲ್ಲಿ ಬಂದ ಫಲಿತಾಂಶ: ಮೊದಲ ಸ್ಕ್ಯಾನ್‌ನಲ್ಲಿ ಕಲೆಗಳಿದ್ದವರಲ್ಲಿ ಶೇಕಡಾ 82 ಮಂದಿಗೆ ಎಂಎಸ್ ಬಂತು, ಇಲ್ಲದಿದ್ದವರಲ್ಲಿ ಶೇಕಡಾ 21.

2001ರಲ್ಲಿ ಮೆಕ್‌ಡೊನಾಲ್ಡ್ ನೇತೃತ್ವದ ಅಂತರರಾಷ್ಟ್ರೀಯ ತಂಡ ಹೊಸ ನಿಯಮಾವಳಿ ಪ್ರಕಟಿಸಿತು. ಎರಡನೆಯ ಪೆಟ್ಟಿಗೆ ಕಾಯಬೇಕಿಲ್ಲ, ಸ್ಕ್ಯಾನ್‌ನಲ್ಲಿ ಹೊಸ ಕಲೆ ಕಂಡರೂ ಸಾಕು ಎಂದಿತು. ಅವರ ಹೆಸರೇ ಅದಕ್ಕೆ ಅಂಟಿತು. ಕಲೆಗಳ ಲೆಕ್ಕಕ್ಕೂ ರೋಗಿಯ ನಡಿಗೆಗೂ ತಾಳೆ ಬೀಳದ ತಕರಾರು ಮಾತ್ರ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಮಿದುಳಿನ ತುಂಬ ಕಲೆಯಿದ್ದೂ ಓಡಾಡುವವರಿದ್ದಾರೆ. ಬೆಕ್ಕಿನ ಬೆನ್ನುಹುರಿಯಲ್ಲಿ ನಿಧಾನಕ್ಕಾದರೂ ಹಾಯುತ್ತಿದ್ದ ಸಂಜ್ಞೆಯನ್ನು ಕಂಡವರಿಗೆ ಇದು ಅಷ್ಟೇನೂ ಅಚ್ಚರಿಯಲ್ಲ.

ಮೆಕ್‌ಡೊನಾಲ್ಡ್ ಒಳ್ಳೆಯ ಪಿಯಾನೊ ವಾದಕ. 2004ರಲ್ಲಿ ಅವರಿಗೇ ಸಣ್ಣ ಪಾರ್ಶ್ವವಾಯು ಬಡಿದು ಸಂಗೀತದ ಲಿಪಿ ಓದಲು ಬಾರದಾಯಿತು. ಪಟ್ಟು ಹಿಡಿದು ಮತ್ತೆ ಕಲಿತರು. ಯಾವುದು ಹೋಯಿತು, ಯಾವುದು ಹೇಗೆ ಮರಳಿತು ಎಂಬುದನ್ನು ಬರೆದು, ತಾವೇ ಹಿಂದೆ ಸಂಪಾದಕರಾಗಿದ್ದ 'ಬ್ರೇನ್' ಪತ್ರಿಕೆಯಲ್ಲಿ 2006ರಲ್ಲಿ ಪ್ರಕಟಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ನಿಯಮಾವಳಿ ಅವರ ಹೆಸರಿನಲ್ಲೇ ತಿದ್ದುಪಡಿಯಾಗುತ್ತ ಬಂದಿದೆ: 2005, 2010, 2017. ಈ ಮೂರರಲ್ಲೂ, ಪೆಟ್ಟನ್ನು ಲೆಕ್ಕಕ್ಕೆ ಹಿಡಿಯುವ ಜಾಗಗಳ ಪಟ್ಟಿಯಲ್ಲಿ ದೃಷ್ಟಿನರ ಇರಲಿಲ್ಲ. 2024ರ ಪರಿಷ್ಕರಣೆ ಅದನ್ನು ಐದನೆಯ ಜಾಗವಾಗಿ ಸೇರಿಸಿಕೊಂಡಿತು. ಅಲ್ಲಿ ಪೆಟ್ಟು ಬಿದ್ದಿದೆಯೆಂದು ತೋರಿಸಲು ಎಂಆರ್‌ಐ ಆಗಬಹುದು, ಅಕ್ಷಿಪಟಲದ ಸ್ಕ್ಯಾನ್ ಆಗಬಹುದು, 1972ರ ಆ ಚೌಕಳಿ ಪರದೆಯ ಪರೀಕ್ಷೆಯೂ ಆಗಬಹುದು.